ಟೀಚರ್ ಎತ್ತಿದ ಕೈ

“ಸೈಲೆನ್ಸ್! ತಿಬೋ, ನಿನ್ನ ಟರ್ನ್ ಬಂದಿಲ್ಲ. ಬಾಯ್ಮುಚ್ಕೊಂಡು ಕೂತ್ಕೋ!”

ಅನೂಕ್ ಮುಂದಿದ್ದ ಪುಟ್ಟ ಗಂಟೆಯನ್ನು ಟಿಣ್ ಟಿಣ್ ಎಂದು ಬಾರಿಸಿದಳು.

ಶುಕ್ರವಾರ ಮಧ್ಯಾಹ್ನ ಐದನೇ ಕ್ಲಾಸಿನಲ್ಲಿ ಮಕ್ಕಳ ಸಭೆ. ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತಿದ್ದರು. ಈ ವಾರ ಅಧ್ಯಕ್ಷೆಯ ಸರದಿ ಅನೂಕಳದು. ಕೈ ಎತ್ತಬೇಕು, ಅಧ್ಯಕ್ಷೆ ಹೆಸರು ಕರೆದ ಮೇಲಷ್ಟೇ ಮಾತಾಡಬೇಕು. ಸಭೆಯಲ್ಲಿ ಟೀಚರ್‌ಗೂ ಇದೇ ನಿಯಮ!

ಅವಳು ದೂರಿನ ಡಬ್ಬದಿಂದ ಚೀಟಿ ತೆಗೆದು ಓದಿದಳು. “ತಿಬೋ ಮೋಸದಿಂದ ನನ್ನ ದೊಡ್ಡ ನೀಲಿ ಗೋಲಿ ತಗೊಂಡಿದಾನೆ. ಇಂತಿ, ಅನೂಕ್.”

ಯಾರೋ ಕಿಸಕ್ಕನೆ ನಕ್ಕರು.

ಆ ಗೋಲಿ ಅಂಥಿಂಥದ್ದಲ್ಲ. ತಾತ ಚಿಕ್ಕಂದಿನಲ್ಲಿ ಆಡಿದ್ದು. ಹುಟ್ಟುಹಬ್ಬದ ದಿನ ಅವಳ ಅಂಗೈಗಿಟ್ಟು, “ಜೋಪಾನ ಕಣೇ ಪುಟ್ಟಿ” ಅಂದಿದ್ದರು. ಅದೀಗ ಮೂರು ದಿನದಿಂದ ತಿಬೋನ ಜೇಬಿನಲ್ಲಿತ್ತು. ತಿಬೋ ಒಂದನೇ ಕ್ಲಾಸಿನಿಂದ ಅವಳ ಪಕ್ಕದಲ್ಲೇ ಕೂರುವ ಗೆಳೆಯ.

“ನಿಯಮ ಏಳು! ಮೋಸ ಮಾಡಿದೋರು ಗೋಲಿ ವಾಪಸ್ ಕೊಡಬೇಕು, ಒಂದು ವಾರ ಆಡೋ ಹಾಗಿಲ್ಲ.” ಆ ನಿಯಮವನ್ನು ಹೋದ ತಿಂಗಳು ಬರೆದವಳೂ ಅನೂಕಳೇ.

“ನಾನೆಲ್ಲೇ ಮೋಸ ಮಾಡ್ದೆ? ಸ್ವಲ್ಪ ಕೇಳೇ ಇಲ್ಲಿ...”

ಟಿಣ್!

“ಗಂಟೆ ಸಿಕ್ಕಿದ್ದೇ ತಡ, ಮಹಾರಾಣಿ ಆಗ್ಬಿಟ್ಳು!” ತಿಬೋ ಗೊಣಗಿದ.

ಟಿಣ್ ಟಿಣ್ ಟಿಣ್!

ಆಗ ಟೀಚರ್ ಕೈ ಎತ್ತಿದರು.

ಅನೂಕ್ ನೋಡಿದಳು. ನೋಡಿಯೂ ನೋಡದವಳ ಹಾಗೆ ಚೀಟಿಯತ್ತ ಕಣ್ಣು ತಿರುಗಿಸಿದಳು. ಜಾಣಕುರುಡು!

ಟೀಚರ್ ಮಾದಾಂ ಕಾಸ್ತೆರಾ ಒಮ್ಮೆ ಕೆಮ್ಮಿದರೆ ಸಾಕು, ಇಡೀ ಕ್ಲಾಸು ಗಪ್‌ಚುಪ್. ಎದ್ದು ಬಂದು “ಗಂಟೆ ಕೊಡು ಇಲ್ಲಿ” ಅಂದಿದ್ದರೆ ಯಾರು ತಡೆಯುತ್ತಿದ್ದರು? ಆದರೆ ಅವರು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮುದುರಿಕೊಂಡು, ಬಾಯಿ ಬಿಡದೆ, ಕೈ ಎತ್ತಿಕೊಂಡೇ ಕೂತಿದ್ದರು. ಕೈ ಸೋತಿತೇನೋ, ಎಡಗೈಯಿಂದ ಬಲಗೈಯ ಮೊಣಕೈಗೆ ಆಸರೆ ಕೊಟ್ಟುಕೊಂಡರು.

“ಟೀಚರ್ ಕೈ ಎತ್ತಿದಾರೆ ಕಣೇ. ಮೂರು ನಿಮಿಷ ಆಯ್ತು” ಅಂದ ಗಡಿಯಾರ ನೋಡುವ ಕೆಲಸದ ಯಾನಿಸ್.

ಅನೂಕಳಿಗೆ ಒಂಥರಾ ಆಯಿತು. “ಟೀಚರ್... ಹೇಳಿ.”

“ಥ್ಯಾಂಕ್ಸ್, ಅಧ್ಯಕ್ಷರೇ. ಒಂದೇ ಪ್ರಶ್ನೆ. ಮಂಗಳವಾರ ಒಂದು ಕೋಟೆಮನೆಗೆ ಹೋಗಿದ್ವಲ್ಲ, ಅದರ ಯಜಮಾನರು ಇವತ್ತು ಇಲ್ಲಿದ್ದಿದ್ರೆ ಏನು ಕೇಳ್ತಿದ್ರು?” ಅಷ್ಟು ಹೇಳಿ ಟೀಚರ್ ಕೈ ಇಳಿಸಿದರು.

ದ್ರಾಕ್ಷಿ ತೋಟಗಳ ಆಚೆ, ಸುತ್ತಲೂ ನೀರಿದ್ದ ಮನೆ. ಮುನ್ನೂರು ವರ್ಷಗಳ ಹಿಂದೆ ಅದರ ಯಜಮಾನರು ಒಬ್ಬ ನ್ಯಾಯಾಧೀಶರು. ಆಗೆಲ್ಲ ಕಾನೂನು ಮಾಡುವವನೂ ರಾಜ, ನಡೆಸುವವನೂ ರಾಜ, ಕೊನೆಯ ತೀರ್ಪೂ ರಾಜನದೇ. ಎಷ್ಟೇ ಒಳ್ಳೆಯವರಾದರೂ ಎಲ್ಲ ಅಧಿಕಾರ ಒಂದೇ ಕೈಗೆ ಸಿಕ್ಕರೆ ಕೆಡುತ್ತದೆ, ಅದನ್ನು ಮೂರು ಕೈಗೆ ಹಂಚಬೇಕು, ಒಂದು ಕೈ ಇನ್ನೊಂದನ್ನು ತಡೆಯಬೇಕು ಎಂದು ಅವರು ವರ್ಷಗಟ್ಟಲೆ ಯೋಚಿಸಿ ಬರೆದರು. ಅವರು ತೀರಿಕೊಂಡ ಮೇಲೂ ಆ ಮಾತು ಹಡಗು ಹತ್ತಿ ಸಮುದ್ರ ದಾಟಿತು. ಅಲ್ಲಿ ಹೊಸ ದೇಶ ಕಟ್ಟಿದವರು ಅದನ್ನು ಓದಿದರು, ಪ್ಯಾರಿಸ್‌ನಲ್ಲಿ ರಾಜನಿಗೆ ಎದುರು ನಿಂತವರೂ ಓದಿದರು. “ಇಷ್ಟು ಹತ್ರದ ಮನೇಲಿ ಹುಟ್ಟಿದ ಯೋಚನೆ ಎಷ್ಟು ದೂರ ಹೋಯ್ತು ನೋಡ್ರೋ!” ಅನ್ನುವಾಗ ಟೀಚರ್ ಕಣ್ಣು ಹೊಳೆದಿತ್ತು.

ಅನೂಕಳಿಗೂ ಆ ಮನುಷ್ಯ ಬಹಳ ಇಷ್ಟವಾಗಿದ್ದರು. ನೋಟ್‌ಬುಕ್ಕಿನಲ್ಲಿ ಮೂರು ಕೈಗಳ ಚಿತ್ರ ಬರೆದು ಸ್ಟಾರ್ ಗಿಟ್ಟಿಸಿದ್ದಳು.

ಈಗ ನಿಯಮ ಅವಳದು, ದೂರು ಅವಳದು, ಗಂಟೆಯೂ ಅವಳದು. ಅವಳ ಕಿವಿ ಬಿಸಿಯಾಯಿತು.

“ಯಾನಿಸ್, ನೀನು ಬಾ. ಗಂಟೆ ನೀನಿಟ್ಕೋ” ಎಂದು ಅವಳು ಎದ್ದು ಅವನ ಖಾಲಿ ಕುರ್ಚಿಯಲ್ಲಿ ಕೂತಳು.

ಯಾನಿಸ್ ಗಂಟಲು ಸರಿಮಾಡಿಕೊಂಡ. “ತಿಬೋ, ಹೇಳು.”

“ಆಟಕ್ಕೆ ಮುಂಚೆ ನಾನೇ ಕೇಳ್ದೆ. ಸುಮ್ನೆ ಆಟಾನಾ, ನಿಜವಾದ ಆಟಾನಾ ಅಂತ. ನಿಜವಾದ್ದು, ಗೆದ್ದೋರಿಗೇ ಗೋಲಿ ಅಂದ್ಲು. ಗೆದ್ದೆ. ಅಷ್ಟೇ.”

“ಹಾಗಂದ್ಯೇನೇ, ಅನೂಕ್?” ಯಾನಿಸ್ ಕೇಳಿದ.

ಅಧ್ಯಕ್ಷೆಯ ಕುರ್ಚಿಯಲ್ಲಿ ಇದ್ದಷ್ಟು ಹೊತ್ತು ಇದನ್ನು ಕೇಳುವವರೇ ಇರಲಿಲ್ಲ. ಇಲ್ಲ ಅಂದುಬಿಟ್ಟರೆ? ಆವತ್ತು ಆಡುವಾಗ ಅವರಿಬ್ಬರೇ ಇದ್ದದ್ದು. ತಾತನ ಗೋಲಿ ಕಣ್ಣಮುಂದೆ ಉರುಳಿತು.

“ಹೂಂ. ಅಂದಿದ್ದೆ” ಅಂದಳು. “ನಾನೇ ಗೆಲ್ತೀನಿ ಅನ್ಕೊಂಡಿದ್ದೆ.”

ಕೈ ಎತ್ತಿಸಿ ಎಣಿಸಿದರು. ಗೋಲಿ ತಿಬೋನದಾಯಿತು. ಅನೂಕ್ ತೋಳಿನಿಂದ ಕಣ್ಣು ಒರೆಸಿಕೊಂಡಳು. ತಾತನಿಗೆ ಏನು ಹೇಳುವುದೋ!

“ಅನೂಕ್, ಸೋಮವಾರ ಮತ್ತೆ ಆಡೋಣ್ವಾ? ಅದೇ ಗೋಲಿ ಪಣಕ್ಕಿಡ್ತೀನಿ” ತಿಬೋ ಅಲ್ಲಿಂದಲೇ ಕೂಗಿದ.

ಟಿಣ್! “ತಿಬೋ, ಕೈ ಎತ್ತಿ ಮಾತಾಡೋ!”

ಎಲ್ಲರೂ ನಕ್ಕರು. ಅನೂಕಳಿಗೂ ಅಳುವಿನ ನಡುವೆ ನಗು ಬಂತು. ಅವಳು ಕೈ ಎತ್ತಿದಳು. ತಮ್ಮದೇ ಜಗಳ ಇದ್ದ ದಿನ ಗಂಟೆ ಬೇರೆಯವರಿಗೆ ಕೊಡಬೇಕು ಎಂಬ ನಿಯಮವನ್ನು ಸಭೆಯ ಮುಂದಿಡಬೇಕಿತ್ತು.

ಯಾನಿಸ್‌ಗೆ ಗಂಟೆಯ ರುಚಿ ಹತ್ತಿತ್ತು. ಅವನು ಅವರನ್ನು ಕರೆದ, ಇವರನ್ನು ಕರೆದ. ಅವಳತ್ತ ತಿರುಗಲೇ ಇಲ್ಲ. ಕೈ ನೋಯತೊಡಗಿತು. ಅನೂಕ್ ಎಡಗೈಯಿಂದ ಬಲಗೈಯ ಮೊಣಕೈ ಹಿಡಿದುಕೊಂಡಳು.

ಎದುರಿಗೆ ಟೀಚರ್ ಕೂಡ ಕೈ ಎತ್ತಿಕೊಂಡು ಕೂತಿದ್ದರು. ಇಬ್ಬರೂ ತಮ್ಮ ಸರದಿಗಾಗಿ ಕಾದರು.