ಹರಿದ ಹಾಳೆಯ ಇನ್ನರ್ಧ

“ನಮಸ್ಕಾರ್ರೀ ಮೇಡಂ... ಹಳೇ ಮಾರ್ಕ್ಸ್ ಮಾಫಿ ಫಾರ್ಮ್ ಇಲ್ಲೇ ತಗೋತೀರೇನ್ರೀ?”

ಆ ದನಿ ಕಿವಿಗೆ ಬಿದ್ದದ್ದೇ ತಡ, ಮೌನೇಶ್ವರಿಯ ಪೆನ್ನು ನಿಂತಿತು. ತಲೆ ಎತ್ತುವ ಮುಂಚೆಯೇ ಅವಳಿಗೆ ಗೊತ್ತಾಗಿತ್ತು... ಸಂಜೀವ!

ಎಂಟು ವರ್ಷ! ಅಂಗಿಯ ತೋಳಿನ ಮೇಲೆ ಮಾನ್ವಿಯ ಅಕ್ಕಿ ಗಿರಣಿಯ ತೌಡು. ಕಣ್ಣಲ್ಲಿ ದಣಿವು. ಆದರೆ ಫಾರ್ಮಿನ ಮೇಲಿನ ಅಕ್ಷರ ಮಾತ್ರ ಅದೇ, ಮುತ್ತು ಪೋಣಿಸಿದ ಹಾಗೆ.

‘ಮೌನಿ ಅಂತ ಕರೆಯದೆ ಮಾತೇ ಶುರು ಮಾಡದವನ ಬಾಯಲ್ಲಿ ನಾನು ಮೇಡಂ ಆದೆನಲ್ಲ!’

ರಾಯಚೂರಿನ ಆ ಕಾಲೇಜಿನಲ್ಲಿ ಅವಳೀಗ ಅತಿಥಿ ಉಪನ್ಯಾಸಕಿ. ಅರ್ಧಕ್ಕೆ ಓದು ಬಿಟ್ಟವರು ಮರಳಿ ಬಂದರೆ ಅವರ ಹಳೆಯ ಫೇಲು ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕಾಲೇಜು ಈ ವರ್ಷ ನಿಯಮ ಮಾಡಿತ್ತು. ಅರ್ಜಿ ಪಡೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

“ಡಿಗ್ರಿ ಮುಗಿಸಿ ಬಿ.ಎಡ್ ಮಾಡೂದದರೀ,” ಎಂದ. “ಬಾಗಲವಾಡದಾಗ ಸಂಜಿಮುಂದ ಹುಡುಗರಿಗೆ ಪಾಠ ಹೇಳಾಕತ್ತೀನಿ.”

ಅವಳು ನಿಯಮದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ನಕಲು ಮಾಡಿ ಸಿಕ್ಕಿಬಿದ್ದವರಿಗೆ ಈ ಮಾಫಿ ಇಲ್ಲ.

“ಇದನ್ನ... ಓದೀರೇನು?”

“ಓದೀನ್ರೀ. ನಸೀಬು ನೋಡೂಣಂತ ಹಾಕೀನಿ.”

ಅಷ್ಟೇ! ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ನಕಲು ಮಾಡಿದವನು ಅವನಲ್ಲ. ಅವಳು.

ಎಂಟು ವರ್ಷದ ಹಿಂದೆ ಇಬ್ಬರೂ ಇದೇ ಕಾಲೇಜಿನಲ್ಲಿ ಓದುವಾಗ ಅವಳಿಗಾಗಿ ಇಡೀ ಇತಿಹಾಸದ ಪಾಠವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದ ಸಂಜೀವ. ಪರೀಕ್ಷೆಯ ದಿನ ಭಯಕ್ಕೆ ಅದರ ಅರ್ಧ ಹಾಳೆ ಹರಿದು ಒಯ್ದಿದ್ದಳು. ತಪಾಸಣೆಯವರು ಒಳಗೆ ಬಂದಾಗ ಚೀಟಿ ಕೈಜಾರಿ, ಇಬ್ಬರೂ ಕುಳಿತ ಒಂದೇ ಬೆಂಚಿನ ನಡುವೆ ಬಿತ್ತು. ಅಕ್ಷರ ಅವನದು!

ಅವನು ಒಮ್ಮೆ ಅವಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು.

“ನಂದ್ರೀ ಸರ್,” ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿನಿಂದ ಹೋದದ್ದಕ್ಕೆ ಯಾರೂ ಗಾದೆ ಕಟ್ಟಿಲ್ಲ. ಅವನು ಕಾಲೇಜು ಬಿಟ್ಟ, ಇವಳು ಓದಿ ಉಪನ್ಯಾಸಕಿಯಾದಳು.

ಅವನು ಅರ್ಜಿ ಕೊಟ್ಟು ಹೋದ ಸಂಜೆಯೇ ಅವಳು ತನ್ನೂರು ಜಾಲಹಳ್ಳಿಯ ಬಸ್ ಹತ್ತಿದಳು. ಮನೆಯ ಟ್ರಂಕಿನ ತಳದಲ್ಲಿ ಆ ನೋಟ್‌ಬುಕ್ ಹಾಗೇ ಇತ್ತು.

ಮರುದಿನ ಅರ್ಜಿ ಪರಿಶೀಲನೆಯ ಸಭೆಯಲ್ಲಿ ಪ್ರಾಂಶುಪಾಲ ಕೊಟ್ರೇಶ ಸರ್ ಸಂಜೀವನ ಹಳೆಯ ಕಡತ ಬದಿಗೆ ಸರಿಸಿದರು. “ನಕಲು ಕೇಸ್. ಇದು ಆಗಂಗಿಲ್ಲ.”

“ಸರ್... ಆ ಚೀಟಿ ನಂದು!”

“ಏನ್ ಮಾತಾಡಾಕತ್ತೀರಿ ಮೇಡಂ?”

ಕಡತಕ್ಕೆ ಚುಚ್ಚಿಟ್ಟಿದ್ದ ಚೀಟಿಯ ಪಕ್ಕ ಅವಳು ನೋಟ್‌ಬುಕ್ಕಿನ ಹರಿದ ಹಾಳೆ ಇಟ್ಟಳು. ಸಾಲಿಗೆ ಸಾಲು ಕೂಡಿತು. ರಟ್ಟಿನ ಮೇಲೆ ‘ಮೌನೇಶ್ವರಿಗೆ’ ಎಂದು ಅವನದೇ ಅಕ್ಷರವಿತ್ತು.

“ನಿಮ್ಮ ಕೆಲಸ ಹೋಗಬಹುದು. ಗೊತ್ತದೇನ್ರಿ?”

“ಗೊತ್ತದರೀ ಸರ್. ಅವರ ಎಂಟು ವರ್ಷ ಹೋಗ್ಯಾವು.”

ಕೊಟ್ರೇಶ ಸರ್ ಎರಡೂ ಹಾಳೆಗಳನ್ನು ಕೂಡಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಸಂಜೀವನ ಅರ್ಜಿಗೆ ಸಹಿ ಹಾಕಿದರು. “ನಿಮ್ಮ ವಿಷಯ ಆಡಳಿತ ಮಂಡಳಿಗೆ ಬರೀಬೇಕಾಗ್ತದ,” ಎಂದರು. ಅವಳು ತಲೆಯಾಡಿಸಿ ಹೊರಬಂದಳು.

ಅರ್ಜಿಯ ತೀರ್ಮಾನಕ್ಕೆ ಕಾಯುತ್ತ ಬಾಗಿಲ ಹೊರಗೇ ನಿಂತಿದ್ದ ಸಂಜೀವ ಎಲ್ಲ ಕೇಳಿಸಿಕೊಂಡಿದ್ದ.

“ಯಾಕ ಹೇಳಿದಿ?” ಈಗ ಅವನ ಮಾತಿನಲ್ಲಿ ‘ಮೇಡಂ’ ಇರಲಿಲ್ಲ.

“ಅವತ್ತೇ ಹೇಳಬೇಕಿತ್ತು... ಒಮ್ಮೆ ಮಾನ್ವಿ ತನಕ ಬಂದಿದ್ದೆ. ನೀ ನನ್ನ ಮಾರಿ ನೋಡಂಗಿಲ್ಲಂತ ತಿಳಕೊಂಡು ಬಸ್ ಸ್ಟ್ಯಾಂಡಿನಿಂದನ ವಾಪಸ್ ಹೋದೆ.”

“ನಾ ಅವತ್ತು ನಿನ್ನ ನೋಡೀನಿ! ಅಲ್ಲೇ ಗಿರಣಿ ಲಾರಿ ಮ್ಯಾಲೆ ಕುಂತಿದ್ದೆ. ಮೈತುಂಬ ತೌಡು. ನೀ ಓದಿದಾಕಿ, ಹ್ಯಾಂಗ ಕರೀಲಿ ಅಂತ ನಾನೂ ಸುಮ್ನಾದೆ.”

ಅಯ್ಯೋ, ಹತ್ತು ಹೆಜ್ಜೆ ದೂರದಲ್ಲಿ! ಅವಳ ಕಣ್ಣು ತುಂಬಿ ಬಂತು.

“ನನ್ನ ಮ್ಯಾಲೆ ಸಿಟ್ಟಿಲ್ಲೇನು?”

“ಇತ್ತು. ಎರಡು ವರ್ಷ ಭಾಳ ಇತ್ತು. ಆದ್ರ ನಿನ್ನ ಬಿಟ್ಟು ಬ್ಯಾರೆ ಯಾರೂ ಮನಸಿಗೆ ಬರಲಿಲ್ಲ ನೋಡು.”

“ನನಗೂ...” ಅವಳು ಕಣ್ಣೊರೆಸಿಕೊಂಡಳು. “ನನ್ನ ತಪ್ಪಿಗೆ ಮಾಫಿ ಅದೇನು, ಸಂಜೀವ?”

ಅವನು ಜೇಬಿನಿಂದ ನಿಯಮದ ಹಾಳೆ ತೆಗೆದು ಗಂಭೀರವಾಗಿ ಬಿಚ್ಚಿದ.

“ಇದರಾಗ ಬರದಾರ. ಹಳೇ ಮಾರ್ಕ್ಸ್ ಅಳಿಸಂಗಿಲ್ಲಂತ. ಅಂಕಪಟ್ಟಿಯೊಳಗ ಹಂಗ ಇರ್ತಾವು. ಲೆಕ್ಕಕ್ಕ ಅಷ್ಟೇ ಹಿಡಿಯಂಗಿಲ್ಲ.”

ಅವಳು ಅಳುತ್ತಲೇ ನಕ್ಕಳು. “ಮತ್ತ ಮೊದಲಿಂದ ಕಲೀಬೇಕಲ್ಲ?”

“ಹೂಂ. ಈ ಸಲ ನೋಟ್ಸ್ ನೀ ಬರಕೊಡಬೇಕು, ಮೌನಿ.”

“ನನ್ನ ಕೈ ಭಾಳ ಸಾವಕಾಶ...”

“ಬರೀ. ನಾ ಇಲ್ಲೇ ಇರ್ತೀನಿ.”