ಹುಳದ ಮನೆಯಲ್ಲಿ ಸೊಪ್ಪು ಹಾಕಿದವಳು

ಇದು ಹನೂರಿನ ಪಕ್ಕದ ನಮ್ಮೂರಿನ ಸುಗುಣ ಹೇಳಿದ್ದು, ಅವಳು ಸುಳ್ಳಾಡುವವಳಲ್ಲ.

ಕೊಳ್ಳೇಗಾಲದ ಡಾಕ್ಟರಮ್ಮ ಕೊನೆಯ ಮುಟ್ಟು ಯಾವಾಗ ಎಂದು ಕೇಳಿದಾಗ ಅವಳಿಗೆ ತಾರೀಖು ನೆನಪಾಗಲಿಲ್ಲ. ಮುಟ್ಟಾದವರು ರೇಷ್ಮೆಹುಳದ ಮನೆ ಹೊಗುವಂತಿಲ್ಲ; ಅದೇ ಅವಳ ಗುರುತು.

"ದೀಪಾವಳಿ ಬೆಳೇಲಿ, ಹುಳ ಹಣ್ಣಾಗಿ ಗೂಡು ಕಟ್ಟೋ ಮುಂಚೆ, ಮನೆಮುಂದಿನ ಜಗಲೀಲಿ ಕೂತಿದ್ದೆ ಮೇಡಂ."

"ಎಲ್ ಕೂತಿದ್ದೆ? ದಿನಾ ಸಂಜೆ ಹಿತ್ಲ ಹುಳದ ಮನೇಲಿ ನೀನೇ ಸೊಪ್ಪಾಕ್ತಿದ್ದೆ, ಕಣ್ಣಾರೆ ಕಂಡಿವ್ನಿ," ಎಂದಳು ಅತ್ತೆ ದೊಡ್ಡತಾಯಮ್ಮ.

ಅತ್ತೆಯ ಮಾತು ನಿಜವಾದರೆ ಆ ತಿಂಗಳು ಮುಟ್ಟೇ ಆಗಿಲ್ಲ, ಆಗಲೇ ಸುಗುಣ ಬಸುರಿ. ಗಂಡ ಮಾದೇಶನೋ ಪಾಲಾರ್ ಆಚೆ ತಮಿಳುನಾಡಿನಲ್ಲಿ ತಿಂಗಳುಗಟ್ಟಲೆ ಲಾರಿ ಓಡಿಸುತ್ತಿದ್ದವನು, ಊರಿಗೆ ಬಂದದ್ದೇ ಗೂಡು ಮಾರಿದ ಮೇಲೆ.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಸುಗುಣಳ ಲೆಕ್ಕವೇ ಸರಿ ಎಂದರು. ಬಸುರು ನಿಂತದ್ದು ಗಂಡ ಬಂದ ಮೇಲೆಯೇ.

ಹನೂರು ಬಸ್ಸಿನಲ್ಲಿ ಅತ್ತೆ ಅವಳ ಕೈ ಬಿಡಲೇ ಇಲ್ಲ. "ತಪ್ಪಾಯ್ತು ಕಣವ್ವ," ಎಂದಳು. ಸುಗುಣ ಕಿಟಕಿಯ ಗಾಳಿಗೆ ಮುಖವೊಡ್ಡಿ ಹಾಯಾಗಿ ನಕ್ಕಳು.

ಊರು ಹತ್ತಿರವಾದಾಗ ಅತ್ತೆ ಮೆಲ್ಲಗೆ ಮಾತು ತೆಗೆದಳು. "ಕೆಂಡ ಇಟ್ಟಿದ್ರೂ ಆಗ ಹುಳದ ಮನೆ ತಣ್ಣಗಿರೋದು. ನೀನು ಒಳಗಿರೋಗಂಟ ಹುಳ ಮೇಯೋ ಸದ್ದೇ ಇರ್ತಿರ್ನಿಲ್ಲ. ಕರುದ್ರೂ ತಿರುಗ್ತಿರ್ನಿಲ್ಲ. ನೀನೇ ಆಕ್ತೀಯ ಅಂತ ನಾನೊಂದಿನಾನೂ ಸೊಪ್ಪಾಕ್ನಿಲ್ಲ ಕಣವ್ವ."

ಅತ್ತೆಯೇ ಹಾಕುತ್ತಿದ್ದಾಳೆಂದು ಸುಗುಣ ಜಗಲಿಯಲ್ಲಿ ನಿಶ್ಚಿಂತೆಯಾಗಿ ಕೂತಿದ್ದಳು. ಆ ಬೆಳೆಯಲ್ಲಿ ಒಂದು ಹುಳವೂ ಹಸಿದು ಸತ್ತಿರಲಿಲ್ಲ.