ಎಣಿಕೆ ಚಡ್ಡಿ

ಪ್ರತಿ ಎರಡು ನಿಮಿಷಕ್ಕೊಮ್ಮೆ ಸಿಂಚನಾಳ ಹೊಟ್ಟೆಯ ಮೇಲಿದ್ದ ಪಟ್ಟಿ ಸಣ್ಣದೊಂದು ನಿಟ್ಟುಸಿರು ಬಿಡುತ್ತಿತ್ತು. ಅಂಗೈಯಗಲದ, ಮೆತ್ತನೆಯ ಆ ಪಟ್ಟಿಯ ಹೆಸರು ಕಿರುಶೋಧಕ. ಏಳು ತಿಂಗಳ ಕೂಸಿನ ರಕ್ತ ದಾರದಷ್ಟು ಸಪೂರವಾದ ಎರಡು ನಳಿಕೆಗಳ ಮೂಲಕ ಅದರೊಳಗೆ ಹೊಕ್ಕು, ‘ಆಯ್ಕೆಪೊರೆ’ ಎಂಬ ಪದರವನ್ನು ಮುಟ್ಟಿ, ಶುದ್ಧವಾಗಿ ಹಿಂತಿರುಗುತ್ತಿತ್ತು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಆ ಪೊರೆಗೆ ಗೊತ್ತು. ಬೇಡವಾದದ್ದು ಪಕ್ಕದ ಪುಟ್ಟ ಚೀಲದಲ್ಲಿ ತುಂಬಿಕೊಳ್ಳುತ್ತಿತ್ತು. ಎಲ್ಲವೂ ಸರಿಯಿದ್ದರೆ ಪಟ್ಟಿಯ ಅಂಚಿನಲ್ಲಿ ಹಸಿರು ದೀಪ. ಆರು ವಾರಗಳಿಂದ ಆ ದೀಪ ಹಸಿರಾಗಿಯೇ ಇತ್ತು. ಆದರೆ ಅದೇ ಆರು ವಾರಗಳಲ್ಲಿ ಸಿಂಚನಾಳ ತೂಕ ಒಂದು ಗ್ರಾಮೂ ಏರಿರಲಿಲ್ಲ.

ಅವಳು ಹುಟ್ಟುವಾಗಲೇ ಎರಡೂ ಮೂತ್ರಪಿಂಡಗಳು ಅರೆಬರೆ ಬೆಳೆದಿದ್ದವು. ಅವಳ ಅಜ್ಜಿಯ ಕಾಲದಲ್ಲಾಗಿದ್ದರೆ ವೈದ್ಯರು ತಲೆ ತಗ್ಗಿಸಿ ಹೊರಗೆ ಬರುತ್ತಿದ್ದರೇನೋ. ಆದರೆ ಇದು ಎರಡು ಸಾವಿರದ ಐವತ್ತೆಂಟನೆಯ ಇಸವಿ. ಮಗುವಿನದೇ ಜೀವಕೋಶಗಳನ್ನು ತೆಗೆದುಕೊಂಡು ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಹೊಸ ಮೂತ್ರಪಿಂಡವನ್ನು ಬೆಳೆಸುತ್ತಿದ್ದರು. ಮನೆಯವರು ಅದನ್ನು ‘ಸಸಿ’ ಎಂದು ಕರೆಯುತ್ತಿದ್ದರು. ಸಸಿಯನ್ನು ನೆಡಬೇಕಾದರೆ ಮಗು ಏಳೂವರೆ ಕಿಲೋ ತೂಗಬೇಕು, ಇಲ್ಲದಿದ್ದರೆ ರಕ್ತನಾಳಗಳು ಜೋಡಣೆಗೆ ಸಾಲವು. ಸಸಿಯೂ ಗಾಜಿನ ಪಾತ್ರೆಯಲ್ಲಿ ಮೇ ತಿಂಗಳ ಕೊನೆಯವರೆಗೆ ಮಾತ್ರ ಬದುಕುತ್ತದೆ. ಈಗ ಫೆಬ್ರವರಿಯ ಮೊದಲ ವಾರ. ಸಿಂಚನಾಳ ತೂಕ ಐದು ಕಿಲೋ ನೂರು ಗ್ರಾಂ.

ಮನೆ ಇದ್ದದ್ದು ಉತ್ತರ ಕನ್ನಡದ ಕಡಲ ಮಗ್ಗುಲಲ್ಲಿ, ಹೊಳೆ ಸಮುದ್ರ ಸೇರುವಲ್ಲಿನ ಉಪ್ಪಿನ ಆಗರದ ಅಂಚಿಗೆ. ಉಬ್ಬರದ ನೀರನ್ನು ಮಣ್ಣಿನ ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಗೋರುವುದು ನಾಲ್ಕು ತಲೆಮಾರಿನಿಂದ ಈ ಮನೆಯವರ ಕೆಲಸ. ಆದರೆ ಮೂತ್ರಪಿಂಡದ ಕಾಯಿಲೆ ಎಂಬ ಮಾತು ಕಿವಿಗೆ ಬಿದ್ದ ದಿನವೇ ಸಿಂಚನಾಳ ಅಪ್ಪ ಮಾರುತಿ ಆಗರಕ್ಕೆ ಹೋಗುವುದನ್ನು ಬಿಟ್ಟ. ಅವನ ಸೋದರಮಾವನಿಗೆ ಅದೇ ಕಾಯಿಲೆ ಬಂದಾಗ ವೈದ್ಯರು ಮೊದಲು ನಿಲ್ಲಿಸಿದ್ದೇ ಉಪ್ಪನ್ನು. ನಾಲ್ಕು ತಲೆಮಾರು ತಿಂದ, ಮೆಟ್ಟಿದ ಉಪ್ಪೇ ಕೂಸಿಗೆ ತಗುಲಿತು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಹೆದ್ದಾರಿಯಲ್ಲಿ ಗಾಡಿಗಳಿಗೆ ವಿದ್ಯುತ್ ತುಂಬುವ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ. ಮನೆಯಲ್ಲಿ ಉಪ್ಪು ತುಂಬಿಡುತ್ತಿದ್ದ ಮರದ ಮರಿಗೆಯನ್ನು ಹೊತ್ತು ಹೊಳೆಗೆ ಸುರಿದು ಬಂದ. ಹೆಂಡತಿ ಶಾಲಿನಿ ಎದೆಹಾಲು ಕೊಡುವವಳಾದ್ದರಿಂದ ಅವಳಿಗೂ ಸಪ್ಪೆ ಊಟ, ಅವಳ ಜೊತೆಗೆ ಎಲ್ಲರಿಗೂ ಸಪ್ಪೆ ಊಟ. ಬಂಗಡೆಯ ಸಾರಿಗೆ ಉಪ್ಪಿಲ್ಲದಿದ್ದರೆ ಅದು ಸಾರೋ ಅರಿಶಿನದ ನೀರೋ ಎಂದು ಮಾರುತಿಯ ತಾಯಿ ಬೀರಮ್ಮ ಗೊಣಗುತ್ತಿದ್ದಳು. ಆದರೂ ಮೊಮ್ಮಗಳಿಗಾಗಿ ಉಣ್ಣುತ್ತಿದ್ದಳು.

ತೂಕ ಏರದ ಏಳನೆಯ ವಾರ ಡಾಕ್ಟರ್ ಫ್ಲೇವಿಯಾ ಲೋಬೊ ತಾವೇ ಮಂಗಳೂರಿನಿಂದ ಬಂದರು. ಕಿರುಶೋಧಕವನ್ನು ರೂಪಿಸಿದ ತಂಡದ ಮುಖ್ಯಸ್ಥೆ ಅವರು. ದಿನವೂ ಸಿಂಚನಾಳ ಅಂಕಿ ಅಂಶಗಳು ಅವರ ಮೇಜಿಗೆ ಬರುತ್ತಿದ್ದವು. ಎಲ್ಲವೂ ಹಸಿರು. ಹಸಿರಾಗಿಯೂ ಮಗು ಬೆಳೆಯದಿದ್ದರೆ ತಪ್ಪು ಎಲ್ಲೋ ಇದೆ ಎಂದೇ ಅರ್ಥ, ಅದು ಅವರ ನಿದ್ದೆ ಕೆಡಿಸಿತ್ತು.

ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವರು ಪಟ್ಟಿಯನ್ನು ಬಿಚ್ಚಿ ನೋಡಿದರು, ಮತ್ತೆ ಕಟ್ಟಿದರು. ಸಿಂಚನಾ ಅಳಲಿಲ್ಲ. ಅಳುವಷ್ಟು ಕಸುವೂ ಇಲ್ಲದವಳಂತೆ ಡಾಕ್ಟರ ಕನ್ನಡಕವನ್ನೇ ನೋಡುತ್ತಿದ್ದಳು.

“ಹಾಲು ಕುಡೀತಾಳಲ್ವಾ?” ಎಂದರು ಡಾಕ್ಟರು.

“ಕುಡಿತದೆ. ಕುಡ್ದು ಅರ್ಧ ಕಕ್ಕತದೆ,” ಎಂದಳು ಶಾಲಿನಿ. ಅವಳ ಕಣ್ಣು ತುಂಬಿತ್ತು.

ಮಾರುತಿ ಕಂಬಕ್ಕೆ ಒರಗಿ ನಿಂತಿದ್ದ. “ಡಾಕ್ಟ್ರಮ್ಮ, ಎದೆಹಾಲಲ್ಲಿ ಉಪ್ಪಿರ್ತದಂತೆ, ಹೌದಾ? ಅದನ್ನೂ ತೆಗೀಲಿಕ್ಕೆ ಬತ್ತದಾ?”

“ಇದೆಂತ ಮಾರಾಯ್ರೆ? ರಕ್ತದ ಉಪ್ಪಿನಂಶ ಸರಿಯಾಗಿಯೇ ಉಂಟು. ನೋಡಿ, ನೂರ ಮೂವತ್ತಾರು. ಆರೋಗ್ಯವಂತ ಮಗುವಿಗೂ ಇಷ್ಟೇ ಇರುವುದು.”

ಬಾಗಿಲ ಬಳಿ ಕೂತಿದ್ದ ಬೀರಮ್ಮ ಕೇಳಿದಳು. “ಆ ನೂರ ಮೂವತ್ತಾರು ಅಂದ್ರೆ ಎಂತದು? ನೀರು ಎಷ್ಟು ಉಪ್ಪಾಗದೆ ಅಂತಲಾ?”

“ಹೌದು ಅಜ್ಜಿ. ಒಂದು ಲೀಟರಿನಲ್ಲಿ ಎಷ್ಟು ಉಪ್ಪು ಅಂತ.”

“ಒಟ್ಟು ನೀರು ಎಷ್ಟದೆ ಅಂತ ಹೇಳ್ತದಾ?”

ಡಾಕ್ಟರು ತಲೆಯೆತ್ತಿ ನೋಡಿದರು. “ಅದನ್ನು ಪಟ್ಟಿ ನೇರವಾಗಿ ಅಳೆಯುವುದಿಲ್ಲ. ಒಳಗೆ ಹೋದ ಹಾಲೆಷ್ಟು, ಹೊರಗೆ ಬಂದದ್ದೆಷ್ಟು, ಅದರಿಂದ ಕೂಡಿ ಕಳೆದು ತಿಳಿದುಕೊಳ್ತದೆ. ಯಾಕೆ ಕೇಳ್ತೀರಿ?”

“ಆಗರದಲ್ಲಿ ಹಂಗೇ ಆತದೆ, ಅದಕ್ಕೆ ಕೇಳ್ದೆ. ಪಾತಿಯ ಒಡ್ಡಿನಲ್ಲಿ ಏಡಿ ತೂತು ಮಾಡಿದ್ರೆ ಉಪ್ಪುನೀರು ಸಣ್ಣಗೆ ಸೋರ್ತದೆ. ನೀರೂ ಹೋತದೆ, ಉಪ್ಪೂ ಹೋತದೆ. ಬೆರಳು ಅದ್ದಿ ನಾಲಿಗೆಗೆ ಇಟ್ರೆ ರುಚಿ ನಿನ್ನೆಯಷ್ಟೇ. ಆದ್ರೆ ಪಾತಿ ಬಡವಾಗಿರ್ತದೆ. ಬಡ ಪಾತಿ ಅಂತೇವೆ ನಾವು. ಅಲ್ಲಿ ಎಷ್ಟು ದಿನ ಕಾದ್ರೂ ಗೋರೂಕೆ ಎಂತದೂ ಸಿಗೂದಿಲ್ಲ.”

“ಆದರೆ ಇಲ್ಲಿ ಸೋರುವ ದಾರಿ ಇಲ್ಲವಲ್ಲ ಅಜ್ಜಿ. ಇವಳ ಮೂತ್ರಪಿಂಡ ಪೂರ್ತಿ ನಿಂತಿದೆ. ಒಂದು ಹನಿ ಮೂತ್ರವೂ ಬರ್ತಾ ಇಲ್ಲ. ಎಣಿಕೆ ಚಡ್ಡಿ ಹಾಗೇ ಹೇಳ್ತಾ ಉಂಟು.”

ಎಣಿಕೆ ಚಡ್ಡಿ ಎಂದರೆ ಕಿರುಶೋಧಕದ ಜೊತೆಗೆ ಬರುವ ಮೂತ್ರಮಾಪಕ ಚಡ್ಡಿ. ಮಗು ಉಚ್ಚೆ ಹೊಯ್ದಾಗಲೆಲ್ಲ ಅದರೊಳಗಿನ ಎಳೆಗಳು ಪ್ರಮಾಣವನ್ನೂ ಉಪ್ಪಿನಂಶವನ್ನೂ ಅಳೆದು ಪಟ್ಟಿಗೆ ತಿಳಿಸುತ್ತವೆ. ಅದನ್ನು ನೋಡಿಕೊಂಡು ಪಟ್ಟಿ ತಾನೆಷ್ಟು ನೀರು, ಉಪ್ಪು ತೆಗೆಯಬೇಕೆಂದು ತೀರ್ಮಾನಿಸುತ್ತದೆ.

ಬೀರಮ್ಮನ ಮುಖ ಬಿಳಿಚಿಕೊಂಡಿತು. ಎದ್ದು ಹಿತ್ತಲಿಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಳೆಯ ಹತ್ತಿ ಸೀರೆಯಿಂದ ಹರಿದ ಬಟ್ಟೆಯಿತ್ತು. ಬೆಳಿಗ್ಗೆ ಒಗೆಯದೆ ಉಳಿದದ್ದು, ಬಿಸಿಲಿಗೆ ಒಣಗಿ ಹಪ್ಪಳದಂತೆ ಗಡುಸಾಗಿತ್ತು. ಅಂಚಿನುದ್ದಕ್ಕೂ ಬೆಳ್ಳನೆಯ ಗೆರೆ.

“ಆ ಚಡ್ಡಿ ಕಟ್ಟಿದ್ರೆ ಮಗಿಯ ತೊಡೆಯೆಲ್ಲ ಕೆಂಪಾಗಿ ಏಳ್ತಿತ್ತು ಡಾಕ್ಟ್ರಮ್ಮ,” ಎಂದಳು. “ನೋಡೂಕೆ ಆಗ್ಲಿಲ್ಲ. ಒಳಗೆ ಬಟ್ಟೆ ಕಟ್ಟಿ ಮೇಲಿಂದ ಚಡ್ಡಿ ಹಾಕ್ದೆ. ಚಡ್ಡಿ ಪೂರ್ತಿ ತೆಗೆದ್ರೆ ಯಂತ್ರ ಕೂಗ್ತದಲ್ಲ, ಅದಕ್ಕೆ. ಬಟ್ಟೆ ಒದ್ದೆ ಆದ ಕೂಡ್ಲೆ ನಾನೇ ಬದ್ಲು ಮಾಡ್ತಿದ್ದೆ, ಶಾಲಿನಿಗೂ ಗೊತ್ತಿಲ್ಲ, ಚಡ್ಡಿಗೆ ತಾಗೂಕೆ ಬಿಡ್ಲಿಲ್ಲ.”

“ಅವ್ವಾ!” ಎಂದ ಮಾರುತಿ.

“ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಆತದೆ. ಮಗಿ ಉಚ್ಚೆ ಹೊಯ್ತದಲ್ಲ, ಆರಾಮದೆ ಅಂತ ನಾನು ಖುಷಿ ಪಟ್ಕಂಡಿದ್ದೆ. ಈ ಬಿಳಿ ಗೆರೆ ಮೊನ್ನೆ ಕಂಡ್ತು. ನಾಲಿಗೆಗೆ ಇಟ್ಟು ನೋಡ್ದೆ. ಉಪ್ಪು.”

“ಅಯ್ಯೋ, ನಾಲಿಗೆಗೆ ಇಟ್ರಾ?” ಎಂದರು ಡಾಕ್ಟರು.

“ಮೊಮ್ಮಗಳ ಉಚ್ಚೆಗೆ ಹೇಸಿಗೆ ಎಂತದು?”

ಡಾಕ್ಟರು ಬಟ್ಟೆಯ ಚೂರನ್ನು ನೀರಿನಲ್ಲಿ ನೆನೆಸಿ ಪರೀಕ್ಷಾಪಟ್ಟಿಯನ್ನು ಅದ್ದಿದರು. ಅಜ್ಜಿಯ ನಾಲಿಗೆ ಸುಳ್ಳಾಡಿರಲಿಲ್ಲ. ಸಿಂಚನಾಳ ಅರೆಬೆಳೆದ ಮೂತ್ರಪಿಂಡಗಳು ನಿಂತಿರಲಿಲ್ಲ. ಕಲ್ಮಶವನ್ನು ಹೊರಹಾಕಲು ಅವಕ್ಕೆ ಬರುತ್ತಿರಲಿಲ್ಲ, ಆದರೆ ಉಪ್ಪನ್ನೂ ನೀರನ್ನೂ ಸೋರಿಸಲು ಚೆನ್ನಾಗಿ ಬರುತ್ತಿತ್ತು. ಚಡ್ಡಿ ಒಣಗಿದ್ದನ್ನು ಕಂಡ ಪಟ್ಟಿ, ಉಪ್ಪು ಹೊರಹೋಗಲು ಬೇರೆ ದಾರಿಯೇ ಇಲ್ಲವೆಂದು ನಂಬಿ, ಹಾಲಿನಿಂದ ಬಂದ ಉಪ್ಪನ್ನೂ ನೀರನ್ನೂ ತಾನೂ ತೆಗೆದುಹಾಕುತ್ತಿತ್ತು. ಒಂದು ಪಾತಿಗೆ ಎರಡು ತೂತು. ಎಲ್ಲ ಮೂತ್ರಪಿಂಡದ ಕಾಯಿಲೆಗೂ ಉಪ್ಪು ವೈರಿಯಲ್ಲ, ಇಂಥ ಶಿಶುಗಳಿಗೆ ಉಪ್ಪಿಲ್ಲದೆ ಬೆಳವಣಿಗೆಯೇ ಇಲ್ಲ. ಇದನ್ನು ಡಾಕ್ಟರು ನಿಧಾನವಾಗಿ, ಎರಡು ಸಲ ಬಿಡಿಸಿ ಹೇಳಿದರು.

ಮಾರುತಿಗೆ ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಉಪ್ಪಿನ ಮರಿಗೆಯನ್ನು ಹೊಳೆಗೆ ಸುರಿದವನು ತಾನೇ. ಬೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. “ನಾನೇ ಕೊಲ್ತಿದ್ದೆ ನನ್ನ ಮಗಿನ,” ಎಂದಳು.

ಡಾಕ್ಟರು ಅವಳ ಪಕ್ಕ ನೆಲದ ಮೇಲೆಯೇ ಕೂತರು. “ಚಡ್ಡಿ ಚುಚ್ಚುತ್ತದೆ ಅಂತ ಒಂದು ಮಾತು ಹೇಳ್ಬೇಕಿತ್ತು ಅಜ್ಜಿ. ಕೇಳ್ಬೇಕಾದ ನಾನೂ ಕೇಳ್ಲಿಲ್ಲ. ಚಡ್ಡಿ ಒಣಗಿದೆ ಅಂದ್ರೆ ಮಗು ಉಚ್ಚೆ ಹೊಯ್ಲಿಲ್ಲ ಅಂತಲೇ ನನ್ನ ಯಂತ್ರ ತಿಳ್ಕೊಂಡ್ತು. ಅದಕ್ಕೆ ಬುದ್ಧಿ ಕಲಿಸಿದ್ದು ನಾನಲ್ವಾ?”

ಅಂದೇ ಪಟ್ಟಿಯ ತೀರ್ಮಾನಗಳನ್ನು ಬದಲಿಸಲಾಯಿತು. ಚಡ್ಡಿಗೆ ಒಳಗಿನಿಂದ, ಉಚ್ಚೆ ಎಳೆಗಳಿಗೆ ಇಳಿಯುವಷ್ಟು ತೆಳುವಾದ ಹತ್ತಿಯ ಅಸ್ತರಿ ಬಂತು. ಹಾಲಿನ ಜೊತೆ ದಿನಕ್ಕೆ ಆರು ಸಲ ಉಪ್ಪಿನ ಹನಿ. ಇದನ್ನು ಕೇಳಿದ ಬೀರಮ್ಮ ಕಣ್ಣೊರೆಸಿಕೊಂಡು ಪಕ್ಕದ ಮನೆಯಿಂದ ಆಗರದ ಉಪ್ಪು ಬೇಡಿ ತಂದಳು. ಡಾಕ್ಟರು ನಕ್ಕು, ಇದರಲ್ಲಿ ಬೇರೆ ಲವಣಗಳೂ ಇರುತ್ತವೆ, ಕೂಸಿಗೆ ಆಸ್ಪತ್ರೆಯ ಹನಿಯೇ ಆಗಬೇಕು ಎಂದಾಗ ಅವಳ ಮುಖ ಸಣ್ಣದಾಯಿತು. ತಂದ ಉಪ್ಪು ದಂಡವಾಗಲಿಲ್ಲ. ಅಂದು ಮಧ್ಯಾಹ್ನ ಏಳು ತಿಂಗಳಲ್ಲಿ ಮೊದಲ ಸಲ ಆ ಮನೆಯ ಸಾರಿಗೆ ರುಚಿ ಬಂತು. ಡಾಕ್ಟರು ಎರಡು ಸಲ ಹಾಕಿಸಿಕೊಂಡು ಉಂಡರು.

ಮೊದಲ ವಾರ ಇನ್ನೂರು ಗ್ರಾಂ. ಎರಡನೆಯ ವಾರ ಮತ್ತೆ ಇನ್ನೂರು. ಮಾರ್ಚಿನಲ್ಲಿ ಸಿಂಚನಾ ಅಳಲು ಶುರುಮಾಡಿದಳು. ಆ ಜೋರು ಅಳು ಕೇಳಿ ಶಾಲಿನಿ ಖುಷಿಯಿಂದ ಅತ್ತಳು. ಮಾರುತಿ ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಆಗರಕ್ಕೆ ಹೋಗಿ ಪಾತಿಯ ಒಡ್ಡು ಮೆತ್ತಲು ನಿಂತ. ಮೇ ಹದಿನೆಂಟರಂದು, ಆಸ್ಪತ್ರೆಗೆ ಹೊರಡುವ ಮುನ್ನ, ಸಮಾಧಾನವಾಗದೆ ಮಗಳನ್ನು ಉಪ್ಪಿನ ಬುಟ್ಟಿಯಲ್ಲಿ ಕೂರಿಸಿ ಆಗರದ ತಕ್ಕಡಿಯಲ್ಲೇ ತೂಗಿದ. ಏಳು ಕಿಲೋ ಆರುನೂರು. ಬುಟ್ಟಿಯ ತೂಕ ಕಳೆದಿದ್ದಾನೋ ಇಲ್ಲವೋ ಎಂದು ಬೀರಮ್ಮ ಮೂರು ಸಲ ಕೇಳಿದಳು. ಕಳೆದಿದ್ದ. ನಾಲ್ಕು ದಿನಗಳ ನಂತರ ಸಸಿ ಸಿಂಚನಾಳ ಒಡಲು ಸೇರಿತು, ಬೇರೂರಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಡಾಕ್ಟರ್ ಲೋಬೊ ಕಿರುಶೋಧಕಕ್ಕೆ ಒಂದು ಹೊಸ ಎಚ್ಚರಿಕೆಯನ್ನು ಸೇರಿಸಿದರು. ಉಪ್ಪಿನಂಶ ಸರಿಯಿದ್ದೂ ತೂಕ ನಿಂತರೆ ಪಟ್ಟಿ ಮಾತಾಡಬೇಕು. ಬರೀ ಗಂಟೆ ಬಾರಿಸಿದರೆ ತಾಯಂದಿರು ಗಾಬರಿಯಾಗುತ್ತಾರೆಂದು ಬೀರಮ್ಮನ ಧ್ವನಿಯನ್ನೇ ಮುದ್ರಿಸಿದರು. “ಪಾತಿ ಬಡವಾತದೆ. ಮಗಿಯ ಬಟ್ಟೆ ನೋಡಿ.” ಇಷ್ಟೇ ಮಾತು.

ಆ ಧ್ವನಿ ಯಾರದು, ಆ ಅಜ್ಜಿಯ ಹತ್ತಿರ ಮಾತಾಡಬಹುದೇ ಎಂದು ಮನೆಮನೆಗಳಿಂದ ಕೇಳಿಕೆ ಬರತೊಡಗಿದ್ದನ್ನು ಪ್ರಯೋಗಾಲಯದಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಕಿರುಶೋಧಕ ಬಳಸುತ್ತಿದ್ದ ಮೂವತ್ತೊಂದು ಮನೆಗಳಿಗೆ ಡಾಕ್ಟರು ಮೊದಲೇ ಪತ್ರ ಬರೆದು, ಚಡ್ಡಿಯನ್ನು ಸರಿಯಾಗಿ ಕಟ್ಟುತ್ತಿದ್ದೀರಾ ಎಂದು ಕೇಳಿದ್ದರು. ಮೂವತ್ತೊಂದೂ ಮನೆಯವರು ಹೌದು ಎಂದಿದ್ದರು. ಬೀರಮ್ಮನ ಬಳಿ ಮಾತ್ರ ಒಬ್ಬೊಬ್ಬರಾಗಿ ಹನ್ನೆರಡು ಮನೆಯವರು ನಿಜ ಹೇಳಿದರು. ಈಗ ದಿನವೂ ಸಂಜೆ ಐದಕ್ಕೆ ಅವಳು ಜಗಲಿಯಲ್ಲಿ ಫೋನು ಹಿಡಿದು ಕೂರುತ್ತಾಳೆ. ಎರಡು ವರ್ಷದ ಸಿಂಚನಾ ಅವಳ ಬೆನ್ನಿಗೆ ಜೋತುಬಿದ್ದು ಜಡೆ ಎಳೆಯುತ್ತಿರುತ್ತಾಳೆ.

ನಿನ್ನೆ ಕರೆ ಬಂದದ್ದು ರಾಯಚೂರಿನಿಂದ. ಎಳೆಯ ಹೆಣ್ಣಿನ ಧ್ವನಿ. ಮಗು ನಾಲ್ಕು ತಿಂಗಳದ್ದು, ತೂಕ ನಿಂತಿದೆ.

“ತಂಗಿ, ಆ ಎಣಿಕೆ ಚಡ್ಡಿ ಒಳಗೆ ಕಟ್ಟೀರೋ, ಬಟ್ಟೆ ಮೇಲೆ ಕಟ್ಟೀರೋ?” ಎಂದು ಕೇಳಿದಳು ಬೀರಮ್ಮ.

“ಒಳಗ ಕಟ್ಟೀವ್ರಿ ಅಜ್ಜಿ. ಡಾಕ್ಟ್ರು ಹೆಂಗ ಹೇಳ್ಯಾರ ಹಂಗ.”

“ಕೂಸಿನ ಬಟ್ಟೆ ಬದ್ಲು ಮಾಡೂದು ಯಾರು?”

“ನಮ್ಮತ್ತಿ.”

“ಅವರಿಗೆ ಫೋನು ಕೊಡು.”

ಆ ಕಡೆ ಬಳೆಗಳ ಸದ್ದು, ಮಗುವಿನ ಕ್ಷೀಣವಾದ ಅಳು, ಆಮೇಲೆ ಫೋನು ಹಿಡಿದವಳ ಉಸಿರಿನ ಸದ್ದು. ಬೀರಮ್ಮ ಬೆನ್ನ ಮೇಲಿನ ಮೊಮ್ಮಗಳನ್ನು ಮುಂದಕ್ಕೆಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

“ಹೆದ್ರಬೇಡ ಅಕ್ಕಾ,” ಎಂದಳು. “ನಾನೂ ಹಂಗೇ ಕಟ್ಟಿದ್ದೆ.”